ಒಂದೇ ಅಂಕಿ, ಎರಡು ಕಚೇರಿ

ಜರ್ಮನಿಯಲ್ಲಿ ಸ್ವಂತ ದುಡಿಮೆ ಮಾಡಿಕೊಂಡಿರುವ ನನ್ನಂಥ ಪರದೇಶಿಯ ವರ್ಷದ ನಿವ್ವಳ ಲಾಭದ ಅಂಕಿಯನ್ನು ಎರಡು ಸರ್ಕಾರಿ ಕಚೇರಿಗಳು ಓದುತ್ತವೆ. ಮೊದಲನೆಯದು ತೆರಿಗೆ ಕಚೇರಿ. ಅಲ್ಲಿ ಆ ಅಂಕಿ ಚಿಕ್ಕದಾದಷ್ಟೂ ನನ್ನ ಜೇಬಿಗೆ ಒಳ್ಳೆಯದು. ಎರಡನೆಯದು ವಿದೇಶಿಯರ ಕಚೇರಿ. ಅಲ್ಲಿ ಅದೇ ಅಂಕಿ ಚಿಕ್ಕದಾದಷ್ಟೂ ಈ ದೇಶದಲ್ಲಿ ಉಳಿಯಲು ನನಗೆ ಸಿಗುವ ಅವಧಿ ಕಿರಿದಾಗುತ್ತದೆ. ಇಷ್ಟು ಸರಳವಾದ ಸಂಗತಿ ನನ್ನ ತಲೆಗೆ ಹೋಗಲು ಮೂರು ವರ್ಷ ಹಿಡಿಯಿತು, ವಾಸದ ಪರವಾನಗಿಯ ಒಂದು ಕೆಟ್ಟ ನವೀಕರಣವೂ ಆಗಬೇಕಾಯಿತು. ಬೆಂಗಳೂರಿನ ನೌಕರಿ ಬಿಟ್ಟು ಇಲ್ಲಿಗೆ ಬಂದು ಫ್ರೀಲಾನ್ಸ್ ಮಾಡುತ್ತೇವೆ ಎಂದು ಊರಿನ ಹುಡುಗರು ಈಚೆಗೆ ಮೇಲಿಂದ ಮೇಲೆ ಸಂದೇಶ ಕಳಿಸುತ್ತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು ನನ್ನ ಅಭಿಪ್ರಾಯವನ್ನು ಇಲ್ಲಿ ಒಮ್ಮೆ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಓದಲು ಬಂದವನು. ಓದು ಮುಗಿದ ಮೇಲೆ ಎರಡು ವರ್ಷ ಒಂದು ಸಂಸ್ಥೆಯಲ್ಲಿ ಗ್ರಾಫಿಕ್ ಡಿಸೈನರ್ ಆಗಿ ಸಂಬಳಕ್ಕಿದ್ದೆ. ಆ ಎರಡು ವರ್ಷ ವಾಸದ ಪರವಾನಗಿ ಎಂಬುದು ನನ್ನ ಚಿಂತೆಯೇ ಆಗಿರಲಿಲ್ಲ; ನೌಕರಿಯ ಒಪ್ಪಂದದ ಪ್ರತಿ ಮತ್ತು ಮೂರು ತಿಂಗಳ ಸಂಬಳದ ಚೀಟಿ ಇಟ್ಟುಕೊಂಡು ಹೋದರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಸಂಬಳದ ಚೀಟಿಗೆ ಎಂಥ ಬಲವಿದೆ ಎಂಬುದು ಅದನ್ನು ಕಳೆದುಕೊಂಡ ಮೇಲೆಯೇ ತಿಳಿದದ್ದು. ತೆರಿಗೆ ಕಟ್ಟಿದೆ, ವಿಮೆ ಇದೆ, ಪಿಂಚಣಿಗೆ ವಂತಿಗೆ ಹೋಗುತ್ತಿದೆ, ಮುಂದಿನ ತಿಂಗಳೂ ದುಡ್ಡು ಬರುತ್ತದೆ ಎಂಬ ನಾಲ್ಕು ಮಾತುಗಳನ್ನು ಆ ಒಂದು ಹಾಳೆ ನನ್ನ ಪರವಾಗಿ ಮೂರನೆಯವರ ಬಾಯಿಂದ ಹೇಳುತ್ತಿತ್ತು. ಸ್ವಂತ ದುಡಿಮೆಗೆ ಇಳಿದವನಿಗೆ ಆ ಮೂರನೆಯವರಿಲ್ಲ. ‘ಉದ್ಯೋಗದಾತರ ಹೆಸರು’ ಎಂಬ ಖಾನೆಯಲ್ಲಿ ತನ್ನ ಹೆಸರನ್ನೇ ಬರೆದುಕೊಳ್ಳುವವನ ಮಾತನ್ನು ಯಾವ ಗುಮಾಸ್ತನೂ ಹಾಗೆಯೇ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದ್ದರಿಂದ ಆ ಒಂದು ಚೀಟಿಯ ಜಾಗಕ್ಕೆ ಇಪ್ಪತ್ತು ಕಾಗದಗಳು ಬಂದು ಕೂರುತ್ತವೆ.

ಇಲ್ಲಿನ ವಾಸ ಕಾಯ್ದೆ 2005ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ 21ನೆಯ ಕಲಮು ಸ್ವಂತ ದುಡಿಮೆಯವರದು. ಆ ಕಲಮಿನೊಳಗೆ ಎರಡು ಜಾತಿ. ಅಂಗಡಿ, ಹೋಟೆಲು, ವ್ಯಾಪಾರ ಮಾಡುವವರದು ‘ಗೆವೆರ್ಬೆ’. ಲೇಖಕ, ಅನುವಾದಕ, ಕಲಾವಿದ, ಶಿಕ್ಷಕ, ಎಂಜಿನಿಯರ್, ವಾಸ್ತುಶಿಲ್ಪಿ ಮುಂತಾಗಿ ತಮ್ಮ ವಿದ್ಯೆಯನ್ನೇ ಮಾರುವವರು ‘ಫ್ರೈಬೆರೂಫ್ಲರ್’. ಮೊದಲನೆಯವರು ತಮ್ಮ ವ್ಯಾಪಾರದಿಂದ ಇಲ್ಲಿನ ಆರ್ಥಿಕತೆಗೆ ಒಳ್ಳೆಯದಾಗುತ್ತದೆ ಎಂದು ತೋರಿಸಬೇಕು, ವ್ಯಾಪಾರವನ್ನು ನೋಂದಾಯಿಸಬೇಕು, ವರ್ಷದ ಲಾಭ 24,500 ಯೂರೋ ದಾಟಿದರೆ ವ್ಯಾಪಾರ ತೆರಿಗೆ ಎಂಬ ಇನ್ನೊಂದನ್ನು ಕಟ್ಟಬೇಕು. ಎರಡನೆಯವರಿಗೆ ಈ ಹೊರೆ ಕಡಿಮೆ. ಆದರೆ ಗೆರೆ ತೆಳ್ಳಗಿದೆ. ಗ್ರಾಹಕನಿಗೆ ಚಿತ್ರ ಬರೆದುಕೊಟ್ಟರೆ ನಾನು ವಿದ್ಯೆ ಮಾರುವವನು; ಅದೇ ಚಿತ್ರವನ್ನು ಟೀಶರ್ಟಿನ ಮೇಲೆ ಅಚ್ಚು ಹಾಕಿಸಿ ಮಾರಿದರೆ ವ್ಯಾಪಾರಿ. ಯಾವುದಕ್ಕೆ ಪರವಾನಗಿ ಪಡೆದಿದ್ದೇನೆಯೋ ಅದನ್ನು ಮಾತ್ರ ಮಾಡಬೇಕು ಎಂಬುದು ಗೊತ್ತಿಲ್ಲದೆ ದೀಪಾವಳಿಯ ಸಂತೆಯಲ್ಲಿ ಪುಟ್ಟ ಅಂಗಡಿ ಹಾಕಲು ಹೊರಟಿದ್ದ ನನ್ನನ್ನು ಪರಿಚಯದ ತೆರಿಗೆ ಸಲಹೆಗಾರರೊಬ್ಬರು ತಡೆದರು.

ಮೊದಲ ಸಲ ಅರ್ಜಿ ಹಾಕುವವರನ್ನು ಹೆಚ್ಚು ಕಾಡುವುದು ಗ್ರಾಹಕರ ಪತ್ರ. ನಿಮಗೆ ಕೆಲಸ ಕೊಡುವ ಇರಾದೆ ಇದೆ, ತಿಂಗಳಿಗೆ ಅಂದಾಜು ಇಷ್ಟು ಗಂಟೆ, ಗಂಟೆಗೆ ಇಷ್ಟು ದರ ಎಂದು ಗ್ರಾಹಕರು ತಮ್ಮ ಹಾಳೆಯ ಮೇಲೆ ಬರೆದು ಸಹಿ ಹಾಕಿಕೊಡಬೇಕು. ನನಗೆ ಮೂರು ವರ್ಷ ಪ್ರೀತಿಯಿಂದ ಕೆಲಸ ಕೊಟ್ಟ ಗ್ರಾಹಕರೊಬ್ಬರು ಇಂಥ ಪತ್ರ ಕೇಳಿದ ಕೂಡಲೇ ವಕೀಲರನ್ನು ಕೇಳಿ ಹೇಳುತ್ತೇನೆ ಎಂದರು. ಸಹಿ ಎಂದರೆ ಕಟ್ಟುಪಾಡು ಎಂಬ ಭಯ ಅವರಿಗೆ. ಕೊನೆಗೆ ನಾನೇ ಒಂದು ಪುಟದ ಕರಡು ಬರೆದು, ಇದು ಇರಾದೆಯೇ ಹೊರತು ಒಪ್ಪಂದವಲ್ಲ ಎಂಬ ಸಾಲನ್ನು ಎದ್ದು ಕಾಣುವಂತೆ ಸೇರಿಸಿ ಕಳಿಸಿದ ಮೇಲೆ ಸಹಿ ಬಂತು. ಅಂದಿನಿಂದ ಕರಡನ್ನು ನಾನೇ ಬರೆಯುತ್ತೇನೆ. ಬೆಂಗಳೂರಿನ ಗ್ರಾಹಕರ ಪತ್ರಗಳನ್ನೂ ಜೊತೆಗಿಟ್ಟಿದ್ದೆ; ಅಧಿಕಾರಿ ಅವನ್ನು ಬದಿಗಿಟ್ಟು, ಇಲ್ಲಿನವರ ಪತ್ರ ಎಷ್ಟಿದೆ ಎಂದು ಎಣಿಸಿದರು. ಊರಿನ ಕೆಲಸವನ್ನೇ ಮಾಡುವುದಾದರೆ ಊರಿನಲ್ಲೇ ಇರಬಹುದಲ್ಲ ಎಂಬುದು ಅವರ ಲೆಕ್ಕಾಚಾರವಿದ್ದೀತು. ಅದನ್ನು ಅನ್ಯಾಯ ಎನ್ನಲಾರೆ.

ಅನ್ಯಾಯ ಎನಿಸುವುದು ಬೇರೆ ಒಂದು ಸುತ್ತು. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ನೋಂದಣಿಗೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಮನೆ ಕೊಡುವ ಮೊದಲು ಮಾಲೀಕರು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಂಬಳವಿಲ್ಲದವನು ಆದಾಯ ತೋರಿಸಬೇಕು; ಆದಾಯ ಗಳಿಸಲು ಪರವಾನಗಿ ಬೇಕು; ಪರವಾನಗಿಗೆ ವಿಳಾಸ ಮತ್ತು ಬಾಡಿಗೆ ಕರಾರು ಬೇಕು. ಈ ಸುತ್ತನ್ನು ಎಲ್ಲರೂ ಎಲ್ಲೋ ಒಂದು ಕಡೆ ಪರಿಚಯದ ಬಲದಿಂದ ಮುರಿದಿರುತ್ತಾರೆ. ನನ್ನ ಮಟ್ಟಿಗೆ ಹಳೆಯ ಸಹಪಾಠಿಯ ಅತ್ತೆ ಒಂದು ಕೋಣೆಯನ್ನು ಕರಾರು ಮಾಡಿ ಕೊಟ್ಟರು. ನಿಯಮ ಪಾಲನೆಗೆ ಹೆಸರಾದ ದೇಶದಲ್ಲಿ ನಿಯಮ ಪಾಲಿಸಲು ಶಿಫಾರಸು ಬೇಕಾಯಿತು ಎಂಬುದನ್ನು ಅಪ್ಪನಿಗೆ ಹೇಳಿದಾಗ, ಅಲ್ಲೂ ನಮ್ಮ ತಾಲ್ಲೂಕು ಕಚೇರಿಯ ಹಾಗೇ ಎಂದು ಅವರು ಬಹಳ ಹೊತ್ತು ನಕ್ಕರು.

ಈಗ ಆ ಅಂಕಿಯ ವಿಷಯ. ನಮ್ಮ ದೊಡ್ಡಪ್ಪ ತುಮಕೂರಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. ಲೆಕ್ಕದಲ್ಲಿ ಲಾಭ ಕಮ್ಮಿ ಕಾಣಬೇಕು ಎಂಬುದು ನಮ್ಮ ಮನೆಯಲ್ಲಿ ಬುದ್ಧಿವಂತಿಕೆಯ ಮೊದಲ ಪಾಠ. ನಾನು ಸುಳ್ಳು ಲೆಕ್ಕ ಬರೆಯಲಿಲ್ಲ, ಆದರೆ ಕಾನೂನು ಬಿಟ್ಟುಕೊಟ್ಟ ಎಲ್ಲ ಖರ್ಚನ್ನೂ ಹಟಕ್ಕೆ ಬಿದ್ದವನಂತೆ ಕಳೆದೆ. ಕಂಪ್ಯೂಟರು, ಕ್ಯಾಮೆರಾ, ರೈಲು ಟಿಕೆಟ್ಟು, ತಂತ್ರಾಂಶಗಳ ಚಂದಾ, ಮನೆಯಲ್ಲಿ ಕೆಲಸಕ್ಕಿಟ್ಟ ಕೋಣೆಯ ಬಾಡಿಗೆ, ಎಲ್ಲವೂ ಒಂದೇ ವರ್ಷ. ಆ ವರ್ಷ ತೆರಿಗೆ ಬಹಳ ಉಳಿಯಿತು. ನನ್ನನ್ನು ನಾನೇ ಮೆಚ್ಚಿಕೊಂಡೆ. ಮರುವರ್ಷ ಪರವಾನಗಿಯ ನವೀಕರಣ ಬಂತು. ಕಚೇರಿಯವರು ಕೇಳಿದ್ದು ನನ್ನ ಬಿಲ್ಲುಗಳ ಮೊತ್ತವನ್ನಲ್ಲ, ಅದೇ ನಿವ್ವಳ ಲಾಭವನ್ನು, ಅದೂ ತೆರಿಗೆ ಸಲಹೆಗಾರರ ಸಹಿಯೊಂದಿಗೆ. ಅದರಿಂದ ಆದಾಯ ತೆರಿಗೆ, ಆರೋಗ್ಯ ವಿಮೆ, ಮನೆ ಬಾಡಿಗೆ ಕಳೆದು, ಉಳಿದದ್ದು ಒಬ್ಬ ಮನುಷ್ಯನ ಕನಿಷ್ಠ ಜೀವನಕ್ಕೆ ಸರ್ಕಾರ ಗೊತ್ತುಮಾಡಿದ ಮೊತ್ತಕ್ಕಿಂತ ಹೆಚ್ಚಿದೆಯೇ ಎಂದು ನೋಡುತ್ತಾರೆ. 2024 ಮತ್ತು 2025ರಲ್ಲಿ ಆ ಮೊತ್ತ ಒಂಟಿ ವ್ಯಕ್ತಿಗೆ ತಿಂಗಳಿಗೆ 563 ಯೂರೋ. ನಾನು ಕೂದಲೆಳೆಯಷ್ಟರಲ್ಲಿ ಪಾಸಾದೆ. ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುವ ನವೀಕರಣ ನನಗೆ ಒಂದೇ ವರ್ಷಕ್ಕೆ ಸಿಕ್ಕಿತು. ಎಂದರೆ ಮರುವರ್ಷ ಮತ್ತೆ ಅದೇ ಕಡತ, ಮತ್ತೆ ಶುಲ್ಕ, ಮತ್ತೆ ಸಲಹೆಗಾರರ ಬಿಲ್ಲು. ತೆರಿಗೆಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ದುಡ್ಡು ಮತ್ತು ನಿದ್ದೆ ಎರಡೂ ಹೋದವು.

ಆದ್ದರಿಂದ ಯಾವ ವರ್ಷ ನವೀಕರಣವಿದೆಯೋ ಅದರ ಹಿಂದಿನ ವರ್ಷ ದೊಡ್ಡ ಖರ್ಚು ಮಾಡದಿರುವುದು, ತೆರಿಗೆಯನ್ನು ವಾಸದ ಬಾಡಿಗೆಯ ಒಂದು ಭಾಗ ಎಂದು ತಿಳಿದು ಸಮಾಧಾನದಿಂದ ಕಟ್ಟುವುದು, ಇವು ಪರದೇಶಿ ಫ್ರೀಲಾನ್ಸರನಿಗೆ ಜಿಪುಣತನಕ್ಕಿಂತ ಲಾಭದಾಯಕ ಎಂಬುದು ನನ್ನ ಖಚಿತ ಅಭಿಪ್ರಾಯ. ಪಕ್ಕದ ಮೇಜಿನ ಜರ್ಮನ್ ಗೆಳೆಯ ಕೊಡುವ ತೆರಿಗೆ ಸಲಹೆ ಅವನಿಗೆ ಸರಿ. ಅವನ ಅಂಕಿಯನ್ನು ಒಂದೇ ಕಚೇರಿ ಓದುತ್ತದೆ.

ಇಂಥದೇ ಇನ್ನೊಂದು ಇಕ್ಕಟ್ಟು ಗ್ರಾಹಕರ ಸಂಖ್ಯೆಯದು. ಒಬ್ಬನೇ ದೊಡ್ಡ ಗ್ರಾಹಕ, ತಿಂಗಳು ತಿಂಗಳೂ ಒಂದೇ ಮೊತ್ತ ಎಂದರೆ ವಿದೇಶಿಯರ ಕಚೇರಿಯ ಕಣ್ಣಿಗೆ ಆದಾಯ ಗಟ್ಟಿ. ಪಿಂಚಣಿ ವಿಮಾ ಇಲಾಖೆಯ ಕಣ್ಣಿಗೆ ಅದೇ ಸಂಶಯ: ಇವನು ಹೆಸರಿಗೆ ಸ್ವತಂತ್ರ, ನಿಜದಲ್ಲಿ ನೌಕರ ಇರಬಹುದು. ಹಾಗೆಂದು ತೀರ್ಮಾನವಾದರೆ ಹಿಂದಿನ ವರ್ಷಗಳ ವಂತಿಗೆಯ ಬಾಕಿ ಗ್ರಾಹಕರ ತಲೆಗೆ ಬರುತ್ತದೆ. ಇದೇ ಭಯದಿಂದ ಅನೇಕ ಸಂಸ್ಥೆಗಳು ದೀರ್ಘಕಾಲದ ಕೆಲಸವನ್ನು ಫ್ರೀಲಾನ್ಸರರಿಗೆ ಕೊಡುವುದೇ ಇಲ್ಲ. ನೌಕರನಲ್ಲ ಎಂದಾದರೂ ಆದಾಯದ ಆರರಲ್ಲಿ ಐದು ಪಾಲು ಒಬ್ಬರಿಂದಲೇ ಬರುತ್ತಿದ್ದು, ಕೈಕೆಳಗೆ ಯಾರೂ ಇಲ್ಲದಿದ್ದರೆ, ಸ್ವಂತ ದುಡಿಮೆಯವನೂ ಪಿಂಚಣಿ ವಂತಿಗೆ ಕಟ್ಟಬೇಕಾಗಿ ಬರಬಹುದು. ಮೂರು ಗ್ರಾಹಕರು, ಯಾರೊಬ್ಬರೂ ಅರ್ಧಕ್ಕಿಂತ ಹೆಚ್ಚು ಕೊಡದವರು, ಎಂಬುದನ್ನು ನಾನು ನನ್ನ ಮಿತಿಯಾಗಿ ಇಟ್ಟುಕೊಂಡಿದ್ದೇನೆ.

ಆರೋಗ್ಯ ವಿಮೆಯ ಬಗ್ಗೆ ಒಂದೇ ಮಾತು: ಪ್ರವಾಸಿಗಳಿಗೆ ಮಾರುವ ಅಗ್ಗದ ವಿಮೆಯನ್ನು ನಂಬಿ ಬರಬೇಡಿ, ವಾಸದ ಪರವಾನಗಿಗೆ ಅದು ಸಾಲದು ಎಂದು ಹಿಂದಕ್ಕೆ ಕಳಿಸುತ್ತಾರೆ. ಕಲೆ, ಬರಹ, ಸಂಗೀತ, ವಿನ್ಯಾಸದವರಿಗೆ ಮಾತ್ರ ಇಲ್ಲೊಂದು ದೊಡ್ಡ ಉಪಕಾರವಿದೆ. ಕಲಾವಿದರ ಸಾಮಾಜಿಕ ನಿಧಿ, ಇಲ್ಲಿಯವರ ಬಾಯಲ್ಲಿ ಕೆಎಸ್‌ಕೆ, 1983ರಿಂದ ಇದೆ. ಕಲೆಯಿಂದ ವರ್ಷಕ್ಕೆ ಕನಿಷ್ಠ 3,900 ಯೂರೋ ಗಳಿಸುವವರು ಅದಕ್ಕೆ ಸೇರಿದರೆ ಆರೋಗ್ಯ, ಆರೈಕೆ, ಪಿಂಚಣಿ ವಂತಿಗೆಗಳ ಅರ್ಧ ಮಾತ್ರ ನಮ್ಮದು. ಉಳಿದರ್ಧವನ್ನು ಕಲಾವಿದರಿಂದ ಕೆಲಸ ಕೊಳ್ಳುವ ಸಂಸ್ಥೆಗಳೂ ಒಕ್ಕೂಟ ಸರ್ಕಾರವೂ ಸೇರಿ ಹೊರುತ್ತವೆ. ಶಾಶ್ವತ ವಾಸಕ್ಕೆ ಸಾಮಾನ್ಯ ದಾರಿಯಲ್ಲಿ ಐದು ವರ್ಷದ ವಾಸ ಮತ್ತು 60 ತಿಂಗಳ ಪಿಂಚಣಿ ವಂತಿಗೆ ಅಥವಾ ಅದಕ್ಕೆ ಸಮನಾದ ಏರ್ಪಾಡು ಬೇಕು. ಫ್ರೀಲಾನ್ಸರನಿಗೆ ಆ ತಿಂಗಳುಗಳನ್ನು ಎಣಿಸಿಕೊಡುವವರು ಯಾರೂ ಇರುವುದಿಲ್ಲ; ಕೆಎಸ್‌ಕೆ ಅದನ್ನು ತಾನಾಗಿ ಎಣಿಸುತ್ತದೆ. ನಾನು ಸೇರಲು ಎರಡು ವರ್ಷ ತಡ ಮಾಡಿದೆ.

ಬೆಂಗಳೂರಿನ ಗ್ರಾಹಕರನ್ನು ಬಿಡಬೇಕಾಗಿಲ್ಲ, ಆದರೆ ಅದಕ್ಕೂ ಕಾಗದದ ಬಾಲವಿದೆ. ಅವರು ದುಡ್ಡು ಕಳಿಸುವ ಮೊದಲು ಟಿಡಿಎಸ್ ಹಿಡಿಯುವ ಪ್ರಶ್ನೆ ಏಳುತ್ತದೆ. ಭಾರತ ಮತ್ತು ಜರ್ಮನಿ ನಡುವಿನ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದದ ಅನುಕೂಲ ಬೇಕಾದರೆ ನಾನು ಇಲ್ಲಿನ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರವನ್ನು ಇಲ್ಲಿನ ತೆರಿಗೆ ಕಚೇರಿಯಿಂದ ತರಿಸಬೇಕು, ಭಾರತದ ಆದಾಯ ತೆರಿಗೆ ಪೋರ್ಟಲಿನಲ್ಲಿ ಅದಕ್ಕೆಂದೇ ಇರುವ ಫಾರಂ ತುಂಬಬೇಕು. ಹದಿನೈದು ಸಾವಿರ ರೂಪಾಯಿಯ ಒಂದು ಲೋಗೋ ಕೆಲಸಕ್ಕಾಗಿ ನಾನು ಎರಡು ದೇಶದ ತೆರಿಗೆ ಇಲಾಖೆಗಳ ನಡುವೆ ಆರು ವಾರ ಓಡಾಡಿದ್ದುಂಟು. ಈಗ ಪ್ರಮಾಣಪತ್ರವನ್ನು ವರ್ಷದ ಆರಂಭದಲ್ಲೇ ತರಿಸಿಟ್ಟುಕೊಳ್ಳುತ್ತೇನೆ. ಅಂದ ಹಾಗೆ ಅದರ ಮೇಲೆ ದಪ್ಪಕ್ಷರದಲ್ಲಿರುವುದು ಅಪ್ಪನ ಹೆಸರು. ನಮ್ಮ ಕಡೆ ಇನಿಷಿಯಲ್ಲಿನಲ್ಲಿ ಅಡಗಿರುತ್ತಿದ್ದ ಅವರ ಹೆಸರನ್ನು ಪಾಸ್‌ಪೋರ್ಟಿಗಾಗಿ ಬಿಡಿಸಿ ಉಪನಾಮವಾಗಿ ಬರೆಸಿದ್ದರಿಂದ, ಜೀವಮಾನದಲ್ಲಿ ಒಮ್ಮೆಯೂ ವಿಮಾನ ಹತ್ತದ ‘ಮಾನ್ಯ ಶ್ರೀ ರಂಗಪ್ಪ’ನವರಿಗೆ ಜರ್ಮನ್ ಸರ್ಕಾರ ತಿಂಗಳಿಗೆರಡು ಪತ್ರ ಬರೆಯುತ್ತದೆ.

ಇನ್ನು ಕಾಯುವಿಕೆ. ಪರವಾನಗಿಯ ಅವಧಿ ಮುಗಿಯುವ ಮೊದಲೇ ನವೀಕರಣದ ಅರ್ಜಿ ಹಾಕಿದ್ದರೆ, ತೀರ್ಮಾನವಾಗುವ ತನಕ ಹಳೆಯ ಪರವಾನಗಿ ಮುಂದುವರಿದಿದೆ ಎಂದೇ ಭಾವಿಸತಕ್ಕದ್ದು ಎನ್ನುತ್ತದೆ ಕಾಯ್ದೆಯ 81ನೆಯ ಕಲಮು. ಆ ಭಾವನೆಗೆ ಒಂದು ಚೀಟಿ ಕೊಡುತ್ತಾರೆ. ಅದರ ಜರ್ಮನ್ ಹೆಸರಿನ ಮೊದಲ ತುಂಡಿಗೆ ‘ಕಲ್ಪನೆ’ ಎಂಬ ಅರ್ಥವಿದೆ. ಅಮ್ಮನಿಗೆ ಹುಷಾರಿಲ್ಲವೆಂದು ನಾನು ಅದನ್ನೇ ಹಿಡಿದು ಊರಿಗೆ ಹೋದೆ. ನವೀಕರಣದ ಚೀಟಿಯಾಗಿದ್ದರಿಂದ ಮರಳಿ ಬರಲು ಕಾನೂನಿನ ಅಡ್ಡಿಯಿರಲಿಲ್ಲ, ಮೊದಲ ಸಲದ ಅರ್ಜಿಯ ಚೀಟಿಗಳಲ್ಲಿ ಆ ಹಕ್ಕು ಇರುವುದಿಲ್ಲ ಎಂಬುದು ನೆನಪಿರಲಿ. ಆದರೆ ವಾಪಸು ಹೊರಟ ದಿನ ಚೆಕ್-ಇನ್ ಮೇಜಿನ ಹುಡುಗಿ ಅಂಥ ಕಾಗದವನ್ನು ಹಿಂದೆಂದೂ ನೋಡಿರಲಿಲ್ಲ. ಮೇಲಧಿಕಾರಿ, ಅವರ ಮೇಲಧಿಕಾರಿ, ಫೋನು, ಫೋಟೋ ಎಂದು ವಿಮಾನದ ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ಬಿಟ್ಟರು. ಆ ಚೀಟಿಯಿದ್ದಾಗ ನಾಲ್ಕು ಗಂಟೆ ಮುಂಚೆ ಹೋಗಿ, ಹಳೆಯ ಕಾರ್ಡನ್ನೂ ಜೊತೆಗಿಟ್ಟುಕೊಳ್ಳಿ.

ಇದನ್ನೆಲ್ಲ ಓದಿ ಬರಬೇಡಿ ಎನ್ನುತ್ತಿದ್ದೇನೆಂದು ತಿಳಿಯಬಾರದು. ನನಗೆ ಇಲ್ಲಿನ ಬದುಕು ಹಿಡಿಸಿದೆ, ಕಚೇರಿಯವರು ಲಂಚ ಕೇಳಿದ್ದಿಲ್ಲ, ಸರಿಯಾದ ಕಾಗದ ಕೊಟ್ಟಾಗ ಸರಿಯಾದ ಉತ್ತರ ಬಂದಿದೆ. ನನ್ನ ತಕರಾರು ನಮ್ಮ ಲೆಕ್ಕದ ಬಗ್ಗೆ. ಕಳೆದ ವರ್ಷ ನಾನು ಕಾಗದಪತ್ರದ ಕೆಲಸಕ್ಕೆ ಹೋದ ಗಂಟೆಗಳನ್ನು ಬರೆದಿಟ್ಟೆ. ತಿಂಗಳಿಗೆ ಸರಾಸರಿ ಎರಡು ಪೂರ್ತಿ ದಿನ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳ 10ನೆಯ ತಾರೀಕು ಮುಂಗಡ ತೆರಿಗೆಯ ದಿನ. ಆ ಹಣ ಕೈಯಲ್ಲಿದ್ದರೂ ನನ್ನದಲ್ಲ. ಗಂಟೆಯ ದರ ಹೇಳುವಾಗ ಈ ದಿನಗಳನ್ನೂ ಈ ಹಣವನ್ನೂ ಸೇರಿಸದವನು ಗ್ರಾಹಕನಿಗೆ ತನ್ನ ನಿದ್ದೆಯನ್ನು ಪುಕ್ಕಟೆಯಾಗಿ ಮಾರುತ್ತಿರುತ್ತಾನೆ.

ಹೋದ ವಾರ ದಾವಣಗೆರೆಯ ಹುಡುಗನೊಬ್ಬ ತಾನು ಇಲ್ಲಿ ಕೇಳಬೇಕೆಂದಿರುವ ದರವನ್ನು ಕಳಿಸಿ ಸರಿಯೇ ಎಂದು ಕೇಳಿದ್ದ. ವಿಮೆ, ತೆರಿಗೆ, ಸಲಹೆಗಾರರ ಫೀಸು, ಆ ಎರಡು ದಿನ, ಎಲ್ಲ ಸೇರಿಸಿ ಹಿಂದಕ್ಕೆ ಕಳಿಸಿದೆ. ಹತ್ತಿರ ಹತ್ತಿರ ಎರಡು ಪಟ್ಟಾಯಿತು. ‘ಇಷ್ಟು ಕೇಳಿದರೆ ಯಾರಣ್ಣ ಕೆಲಸ ಕೊಡ್ತಾರೆ?’ ಎಂದು ಬರೆದಿದ್ದಾನೆ. ಅಷ್ಟು ಕೊಡುವ ಮೂವರು ಸಿಗುವ ತನಕ ಈಗಿನ ನೌಕರಿ ಬಿಡಬೇಡ ಎಂದು ಉತ್ತರಿಸಿದ್ದೇನೆ.