ಲಕ್ಷದ ಮೇಲೊಬ್ಬ ಸಂದರ್ಶಕ

ಕಾರವಾರದ ಒಂದು ಕಚೇರಿಯ ಜಾಲತಾಣಕ್ಕೆ ಭೇಟಿ ಕೊಟ್ಟವರ ಸಂಖ್ಯೆ ಲಕ್ಷ ದಾಟಿದ ಸಂಭ್ರಮಕ್ಕೆ ನನಗೂ ಕರೆ ಬಂದಿತ್ತು. ಕಚೇರಿಯ ಹೆಸರು ಇಲ್ಲಿ ಬೇಡ. ಅದನ್ನು ತಿಳಿದ ಓದುಗರು ಕುತೂಹಲದಿಂದ ಆ ಜಾಲತಾಣವನ್ನು ತೆರೆದರೆ ಎಣಿಕೆ ಇನ್ನಷ್ಟು ಏರಿ, ಮತ್ತೊಂದು ಸಮಾರಂಭಕ್ಕೆ ನಾನೇ ಕಾರಣನಾಗಬೇಕಾದೀತು. ದೀಪ ಬೆಳಗಿಸಿದರು, ಗಣ್ಯರಿಗೆ ಶಾಲು ಹೊದಿಸಿದರು, ಗೋಡಂಬಿಯ ತಟ್ಟೆ ಮುಂದಿನ ಸಾಲಿನಲ್ಲೇ ಖಾಲಿಯಾಯಿತು. ಬಳಿಕ ಬಣ್ಣಬಣ್ಣದ ಗೆರೆಗಳಿದ್ದ ವರದಿಯನ್ನು ಎಲ್ಲರಿಗೂ ಹಂಚಿದರು. ಆ ಗೆರೆಗಳು ದೇವಿಮನೆ ಘಟ್ಟದ ರಸ್ತೆಯಂತೆ ಹೊರಳಿ ಹೊರಳಿ ಮೇಲೇರಿದ್ದವು. ಇಳಿಯುವ ಯೋಚನೆ ಒಂದಕ್ಕೂ ಇದ್ದಂತಿರಲಿಲ್ಲ.

ವರದಿಯ ಮೊದಲ ಪುಟವನ್ನೆಲ್ಲ ‘ಹಿಟ್ಸ್’ ಎಂಬ ಮಹಾಸಂಖ್ಯೆ ಆಕ್ರಮಿಸಿತ್ತು. ಜಾಲತಾಣದ ಪುಟವೊಂದನ್ನು ತೆರೆದಾಗ ನಮ್ಮ ಬ್ರೌಸರ್ ಆ ಪುಟವನ್ನಷ್ಟೇ ಅಲ್ಲದೆ ಅದರಲ್ಲಿರುವ ಪ್ರತಿಯೊಂದು ಚಿತ್ರವನ್ನೂ, ಗುಂಡಿಯನ್ನೂ, ಅಲಂಕಾರದ ಕಡತವನ್ನೂ ಸರ್ವರ್‌ನಿಂದ ಬೇರೆ ಬೇರೆಯಾಗಿ ಕೇಳಿ ಪಡೆಯುತ್ತದೆ, ಮತ್ತು ಅಂಥ ಒಂದೊಂದು ಬೇಡಿಕೆಯೂ ಒಂದೊಂದು ಹಿಟ್ ಎಂದು ದಾಖಲಾಗುತ್ತದೆ. ಮುಖಪುಟದಲ್ಲಿ ನಲವತ್ತು ಚಿತ್ರಗಳಿದ್ದರೆ ಮೊದಲ ಸಲ ಬಂದ ಒಬ್ಬನೇ ಮನುಷ್ಯ ನಲವತ್ತೊಂದಕ್ಕೆ ಕಡಿಮೆಯಿಲ್ಲದಷ್ಟು ಹಿಟ್‌ಗಳನ್ನು ಕೊಟ್ಟು ಹೋಗುತ್ತಾನೆ. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದ ಒಬ್ಬ ಭಕ್ತನನ್ನು ಬಿಡಕಿಬೈಲಿನ ಗದ್ದುಗೆಯ ಎದುರು ಒಮ್ಮೆ, ಬಳೆ ಅಂಗಡಿಯಲ್ಲಿ ಒಮ್ಮೆ, ತೊಟ್ಟಿಲ ಮೇಲೆ ಕುಳಿತಾಗ ಒಮ್ಮೆ, ಮಿರ್ಚಿ ಭಜಿಗೆ ಕೈ ಚಾಚಿದಾಗ ಇನ್ನೊಮ್ಮೆ ಎಣಿಸಿದರೆ ಬರುವ ಲೆಕ್ಕ ಇದು. ಹಾಗೆ ಎಣಿಸಿದ್ದರೆ ಎರಡು ವರ್ಷಕ್ಕೊಮ್ಮೆ ಆಗುವ ಆ ಜಾತ್ರೆಗೆ ಇಡೀ ರಾಜ್ಯವೇ ಬಂದು ಹೋಯಿತೆಂದು ಬರೆಯಬಹುದಿತ್ತು. ಈ ಕಚೇರಿಯ ಮುಖಪುಟದಲ್ಲಿ ಯಾಣದ ಬಂಡೆ, ಮುರ್ಡೇಶ್ವರದ ಶಿವ ಮತ್ತು ಕಾಳಿ ನದಿಯ ಜೊತೆಗೆ ಸಾಲುಸಾಲಾಗಿ ಗಣ್ಯರ ನಗುಮುಖಗಳೂ ಇವೆ. ಒಂದು ಭಾವಚಿತ್ರ ಸೇರಿಸಿದೊಡನೆ ಜನಪ್ರಿಯತೆ ತಾನಾಗಿ ಏರುವ ಈ ಸೌಕರ್ಯ ಚುನಾವಣೆಯಲ್ಲಿ ಇನ್ನೂ ಬಂದಿಲ್ಲವಲ್ಲ ಎಂದು ವೇದಿಕೆಯ ಮೇಲಿದ್ದ ಕೆಲವರಿಗಾದರೂ ಅನ್ನಿಸಿರಬೇಕು.

ನನಗೆ ಅಚ್ಚರಿಯಾದದ್ದು ಈ ಲೆಕ್ಕವನ್ನು ಒಪ್ಪಿ ಚಪ್ಪಾಳೆ ತಟ್ಟಿದವರಲ್ಲಿ ಅಡಿಕೆ ಬೆಳೆಗಾರರೂ ಇದ್ದರೆಂಬುದು. ರಾಶಿ, ಚಾಲಿ, ಬಿಳೆಗೋಟು, ಕೆಂಪುಗೋಟು ಎಂದು ಆರಿಸಿ ಬೇರೆ ಮಾಡದೆ ಒಂದು ಚೀಲವನ್ನೂ ಟೆಂಡರಿಗೆ ಇಡದ ಜನ, ಸಿಪ್ಪೆ, ಗೊನೆಯ ದಂಟು, ಅಂಗಳದ ಕಸ ಎಲ್ಲವನ್ನೂ ಒಟ್ಟಿಗೆ ತೂಗಿ ‘ಈ ವರ್ಷ ಬೆಳೆ ಭರ್ಜರಿ’ ಎಂದರೆ ತಲೆಯಾಡಿಸುವುದುಂಟೇ? ನನ್ನ ಪಕ್ಕದಲ್ಲಿದ್ದ ಶಿರಸಿ ಕಡೆಯ ಹಿರಿಯರೊಬ್ಬರು ಮಾತ್ರ ವರದಿಯನ್ನು ಮಡಿಸಿ ಬೀಸಣಿಗೆ ಮಾಡಿಕೊಂಡು, “ತಮಾ, ಬಂದವ್ರ ಲೆಕ್ಕ ಇರ್ಲಿ, ಉಂಡವ್ರ ಲೆಕ್ಕ ಎಲ್ಲಿದ್ದು?” ಎಂದು ಕೇಳಿದರು. ನಾನು ಪುಟ ತಿರುವಿದೆ. ಅಂಥ ಅಂಕಣ ಎಲ್ಲಿಯೂ ಇರಲಿಲ್ಲ.

ಎರಡನೆಯ ಪುಟದಲ್ಲಿ ‘ಅನನ್ಯ ಸಂದರ್ಶಕರು’ ಇದ್ದರು. ಅನನ್ಯ ಎಂದರೆ ಬೇರೆ ಬೇರೆ ಮನುಷ್ಯರೆಂದು ತಿಳಿದರೆ ಮೋಸಹೋಗುತ್ತೇವೆ. ಗುರುತು ಚೀಟಿಯಂಥ ‘ಕುಕಿ’ಯನ್ನು ಬ್ರೌಸರ್‌ನಲ್ಲಿ ಇಟ್ಟು ಎಣಿಸುವುದರಿಂದ, ಅದೇ ವ್ಯಕ್ತಿ ಬೆಳಿಗ್ಗೆ ಮೊಬೈಲ್‌ನಲ್ಲಿ, ಮಧ್ಯಾಹ್ನ ಕಚೇರಿಯ ಕಂಪ್ಯೂಟರ್‌ನಲ್ಲಿ, ಸಂಜೆ ಮಗನ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಮೂವರಾಗುತ್ತಾನೆ, ಒಂದೇ ಕಂಪ್ಯೂಟರ್ ಬಳಸುವ ಐವರ ಕುಟುಂಬ ಒಬ್ಬರಾಗಿ ಉಳಿಯುತ್ತದೆ. ‘ಭೇಟಿ’ಯ ಲೆಕ್ಕದಲ್ಲೂ ಇಂಥದೇ ಔದಾರ್ಯವಿದೆ. ಸಾಮಾನ್ಯವಾಗಿ 30 ನಿಮಿಷ ಏನನ್ನೂ ಒತ್ತದಿದ್ದರೆ ಒಂದು ಭೇಟಿ ಮುಗಿಯಿತೆಂದು ಯಂತ್ರ ತೀರ್ಮಾನಿಸುವುದರಿಂದ, ಪುಟವನ್ನು ತೆರೆದಿಟ್ಟು ಮನೆಗೆ ಹೋಗಿ ಮೀನೂಟ ಮುಗಿಸಿ ಬಂದು ಮತ್ತೆ ಮೌಸ್ ಹಿಡಿದವರು ಎರಡನೆಯ ಸಲ ಸ್ವಾಗತ ಪಡೆಯುತ್ತಾರೆ. ಆ ಕಚೇರಿಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಬ್ರೌಸರ್ ತೆರೆದರೆ ಮೊದಲು ಬರುವುದು ಇದೇ ಜಾಲತಾಣ. ಹೀಗಾಗಿ ಹಾಜರಿ ಪುಸ್ತಕ ತೋರಿಸದಿದ್ದ ಸಿಬ್ಬಂದಿಯ ನಿಷ್ಠೆಯನ್ನು ಈ ವರದಿ ತೋರಿಸಿತ್ತು.

ಮೂರನೆಯ ಪುಟದ ನಕ್ಷೆಯಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಆಶ್‌ಬರ್ನ್ ಎಂಬ ಊರು ಶಿರಸಿ, ಕುಮಟಾ, ಭಟ್ಕಳಗಳನ್ನೆಲ್ಲ ಹಿಂದೆ ಹಾಕಿತ್ತು. ಅಲ್ಲಿ ನೆಲೆಸಿದ ನಮ್ಮ ಜಿಲ್ಲೆಯ ಮಕ್ಕಳು ತಾಯ್ನೆಲವನ್ನು ಮರೆತಿಲ್ಲವೆಂದು ಭಾಷಣಕಾರರೊಬ್ಬರು ಗದ್ಗದಿತರಾದರು. ಅವರಿಗಾಗಿ ಹೋಮ್‌ಸ್ಟೇ ಪಟ್ಟಿಯನ್ನು ಪ್ರಕಟಿಸಬೇಕೆಂಬ ಸಲಹೆಯೂ ಬಂತು. ಆಶ್‌ಬರ್ನ್ ಜಗತ್ತಿನಲ್ಲೇ ಅತಿ ಹೆಚ್ಚು ಡೇಟಾ ಸೆಂಟರ್‌ಗಳು, ಅಂದರೆ ಸರ್ವರ್‌ಗಳನ್ನು ತುಂಬಿಟ್ಟ ಕಟ್ಟಡಗಳು, ಒತ್ತಾಗಿ ನಿಂತಿರುವ ಪ್ರದೇಶಗಳಲ್ಲೊಂದು. ಅಲ್ಲಿಂದ ಬರುವವರಲ್ಲಿ ಬಹುಪಾಲು ಊರೂರು ಸುತ್ತಿ ಪುಟಗಳನ್ನು ನಕಲಿಸಿಕೊಳ್ಳುವ ‘ಬಾಟ್’ ಎಂಬ ತಂತ್ರಾಂಶಗಳು, ಅಂದರೆ ಹೋಮ್‌ಸ್ಟೇಯಲ್ಲಿ ತೊಡೆದೇವು ಕೊಟ್ಟರೂ ತಿನ್ನಲಾರದ ಅತಿಥಿಗಳು. ಇತ್ತ ಶಿರಸಿಯಲ್ಲೇ ನಿಂತು ಮೊಬೈಲ್‌ನಲ್ಲಿ ನೋಡಿದವರನ್ನು, ನೆಟ್‌ವರ್ಕ್ ಹಾದುಬರುವ ದಾರಿಯ ದೆಸೆಯಿಂದ, ಎಷ್ಟೋ ಸಲ ಬೆಂಗಳೂರಿನವರೆಂದು ತೋರಿಸುವುದೂ ಉಂಟು. ಬೆಂಗಳೂರಿಗರ ಆಸಕ್ತಿ ಅಪಾರವಾಗಿರುವುದರಿಂದ ಅಲ್ಲೊಂದು ಫಲಕ ಹಾಕಬೇಕೆಂದು ವರದಿ ಶಿಫಾರಸು ಮಾಡಿತ್ತು.

ಗೆರೆ ಅತಿ ಎತ್ತರಕ್ಕೆ ಜಿಗಿದದ್ದು ಜುಲೈ ತಿಂಗಳ ಕೆಲವು ರಾತ್ರಿಗಳಲ್ಲಿ. ಮಳೆಗಾಲದ ಪ್ರವಾಸೋದ್ಯಮಕ್ಕೆ ಇದು ಶುಭಸೂಚನೆಯೆಂದು ಅಧಿಕಾರಿಗಳು ವಿವರಿಸಿದರು. ಕರಾವಳಿಯ ಯಾವ ತಾಯಿಯಾದರೂ ಆ ಜಿಗಿತದ ಕಾರಣವನ್ನು ಹೇಳಬಲ್ಲಳು: ನಾಳೆ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂದು ಇಡೀ ಜಿಲ್ಲೆ ಕಂಡಕಂಡ ಜಾಲತಾಣವನ್ನೆಲ್ಲ ತೆರೆದು ನೋಡುವ ರಾತ್ರಿಗಳು ಅವು.

ಆದರೆ ವರದಿಯ ನಿಜವಾದ ಚಮತ್ಕಾರವಿದ್ದದ್ದು ‘ಸಮಯ’ದ ಪುಟದಲ್ಲಿ. ಜಾಲತಾಣಕ್ಕೆ ಬಂದವರ ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಪದ್ಧತಿಯಲ್ಲಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋದಾಗ ಮಾತ್ರ ನಡುವಿನ ಅವಧಿ ಲೆಕ್ಕಕ್ಕೆ ಸಿಗುತ್ತಿತ್ತು. ಆದ್ದರಿಂದ ಬೇಕಾದ ಮಾಹಿತಿಯನ್ನು ಮೊದಲ ಪುಟದಲ್ಲೇ ಕಂಡು, ಹತ್ತು ನಿಮಿಷ ಮನಸ್ಸಿಟ್ಟು ಓದಿ, ತೃಪ್ತನಾಗಿ ಹೊರಟುಹೋದವನ ಸಮಯ ಸೊನ್ನೆಯಾಗಿ, ಅವನು ‘ಬೌನ್ಸ್’ ಆದವರ ಸಾಲಿಗೆ, ಅಂದರೆ ಹೊಸ್ತಿಲಿಂದಲೇ ತಿರುಗಿ ಹೋದವರ ಸಾಲಿಗೆ ಸೇರುತ್ತಿದ್ದ. 2023ರ ಜುಲೈ 1ರಿಂದ ಆ ಪದ್ಧತಿಯನ್ನು ನಿಲ್ಲಿಸಿ ಅದರ ಜಾಗಕ್ಕೆ ತಂದ ಹೊಸ ಆವೃತ್ತಿಯಲ್ಲಿ, ಪುಟದ ಮೇಲೆ ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಕಳೆದವರು ಅಥವಾ ಎರಡು ಪುಟ ನೋಡಿದವರು ‘ತೊಡಗಿಸಿಕೊಂಡವರು’ ಎನಿಸಿಕೊಳ್ಳುತ್ತಾರೆ. ಕನ್ನಡದ ಗುಂಡಿ ಎಲ್ಲಿದೆಯೆಂದು ಹನ್ನೊಂದು ಸೆಕೆಂಡ್ ಹುಡುಕಿದವನೂ ತೊಡಗಿಸಿಕೊಂಡವನೇ. ಅರ್ಜಿ ನಮೂನೆ ಸಿಗದೆ ‘ಸೇವೆಗಳು’, ‘ಸುತ್ತೋಲೆಗಳು’, ‘ಚಿತ್ರಸಂಪುಟ’ ಎಂದು ಹದಿನಾಲ್ಕು ಪುಟ ಅಲೆದವನಂತೂ ಪರಮಭಕ್ತ. ಜಾಲತಾಣ ಎಷ್ಟು ಕೆಟ್ಟದಾಗಿರುತ್ತದೋ ಅದರ ವರದಿ ಅಷ್ಟೇ ಚೆನ್ನಾಗಿರುತ್ತದೆ ಎಂಬ ಈ ಗುಟ್ಟು ಆ ಕಚೇರಿಗೆ ಗೊತ್ತಿತ್ತೆಂದು ನಾನು ಹೇಳಲಾರೆ; ತಿಳಿಯದೆ ಇಷ್ಟು ಚೆನ್ನಾಗಿ ಸಾಧಿಸಿದ್ದರೆ ಅದು ಪೂರ್ವಪುಣ್ಯ.

ನಾನು ಆ ಭಕ್ತರಲ್ಲೊಬ್ಬ. ಅದೇ ಕಚೇರಿಯ ನಮೂನೆಯೊಂದಕ್ಕಾಗಿ ಮೂರು ಸಂಜೆಗಳಲ್ಲಿ ಹನ್ನೊಂದು ಸಲ ಆ ಜಾಲತಾಣಕ್ಕೆ ಹೋಗಿದ್ದೆ. ‘ಇಲ್ಲಿ ಒತ್ತಿ’ ಎಂದಲ್ಲಿ ಒತ್ತಿದಾಗಲೆಲ್ಲ, ಕೇಳಿದ ಪುಟ ಸಿಗಲಿಲ್ಲವೆಂದು ಸೂಚಿಸುವ 404 ಎಂಬ ಅಂಕಿ ಕಾಣಿಸುತ್ತಿತ್ತು. ಅದನ್ನು ನನ್ನ ಸರದಿಯ ಸಂಖ್ಯೆಯೆಂದು ಭಾವಿಸಿ ಮೊದಲ ಸಂಜೆ ಸ್ವಲ್ಪ ಹೊತ್ತು ಕಾದದ್ದೂ ಉಂಟು. ಕೊನೆಗೆ ಶಿರಸಿಯಿಂದ ಮೊದಲ ಬಸ್ಸು ಹಿಡಿದು, ಘಟ್ಟ ಇಳಿದು, ಕುಮಟಾದಲ್ಲಿ ಬಸ್ ಬದಲಿಸಿ, ಅಂಕೋಲೆ ದಾಟಿ ಕಾರವಾರ ಮುಟ್ಟಿದೆ. ಗುಮಾಸ್ತರು ಮೇಜಿನ ಖಾನೆಯಿಂದ ಮಾಸಿದ ಝೆರಾಕ್ಸ್ ಪ್ರತಿಯೊಂದನ್ನು ಅರ್ಧ ನಿಮಿಷದಲ್ಲಿ ತೆಗೆದುಕೊಟ್ಟರು. ನಾನು ಕೈಮುಗಿದು ಹೊರಡುವಾಗ ಅವರು ಹಿಂದಿನಿಂದ ಕರೆದು ಹೇಳಿದರು:

“ಮನೆಗೆ ಹೋದ ಮೇಲೆ ನಮ್ಮ ವೆಬ್‌ಸೈಟ್ ಒಂದ್ಸಲ ತೆರೆದು ನೋಡಿ ಮಾರಾಯ್ರೆ. ಇಲ್ಲಿಗೆ ಬಂದವರು ಲೆಕ್ಕಕ್ಕೆ ಬರೂದಿಲ್ಲ.”