ನಾಸ್‌ನ ಮೊದಲ ಆಲ್ಬಂ ಮತ್ತು ನಮ್ಮ ಅಳತೆಗೋಲು

ಮೊನ್ನೆ ಗೆಳೆಯರ ಜೊತೆ ಕೂತಿದ್ದಾಗ ಒಂದು ಮಾತು ಬಂತು. ನಮ್ಮ ಕಡೆಯ ಹುಡುಗನೊಬ್ಬ ಕನ್ನಡದಲ್ಲಿ ರ‍್ಯಾಪ್ ಮಾಡಿ ಮೊದಲ ಆಲ್ಬಂ ಬಿಟ್ಟಿದ್ದಾನೆ. ಹೇಗಿದೆ ಅಂತ ಕೇಳಿದೆ. "ವ್ಯೂಸ್ ಅಷ್ಟೇನೂ ಬಂದಿಲ್ಲ ಬಿಡು" ಅಂದ ಒಬ್ಬ. ನೀನು ಕೇಳಿದ್ದೀಯಾ ಅಂದೆ. ಕೇಳಿಲ್ಲ.

ಆ ಮಾತು ಎರಡು ದಿನ ತಲೆಯಿಂದ ಹೋಗಲೇ ಇಲ್ಲ. ಆಲ್ಬಂ ಹೇಗಿದೆ ಅನ್ನುವ ಪ್ರಶ್ನೆಗೆ ಎಷ್ಟು ಜನ ನೋಡಿದರು ಅನ್ನುವುದು ಉತ್ತರ ಆಗಿದ್ದು ಯಾವಾಗ? ನನಗೆ ತಕ್ಷಣ ನೆನಪಾಗಿದ್ದು ನ್ಯೂಯಾರ್ಕ್‌ನ ರ‍್ಯಾಪರ್ ನಾಸ್. ಅವನ ಮೊದಲ ಆಲ್ಬಂ 'ಇಲ್ಮ್ಯಾಟಿಕ್'. ಮೂವತ್ತು ವರ್ಷ ದಾಟಿದ ಆ ಆಲ್ಬಂ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಇತ್ತು. ಇವತ್ತು ಬರೆದುಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಅದನ್ನು ಮೊದಲು ಕೇಳಿದ್ದು ಮೈಸೂರಿನ ಹಾಸ್ಟೆಲ್‌ನಲ್ಲಿ, 2004ರಲ್ಲಿ. ಸೀನಿಯರ್ ಒಬ್ಬರು ಒಂದು ಎಂಪಿ3 ಸಿಡಿ ಕೊಟ್ಟಿದ್ದರು. ಮೊದಲ ಸಲ ಒಂದು ಅಕ್ಷರವೂ ಅರ್ಥ ಆಗಲಿಲ್ಲ. ಅಷ್ಟು ವೇಗ, ಅಷ್ಟೊಂದು ಅವರ ಬೀದಿಯ ಮಾತು. ಆದರೆ ಎರಡನೇ ಹಾಡಿನ ಆ ಪಿಯಾನೊ ಬಿಡಲಿಲ್ಲ. ಸೈಬರ್ ಕೆಫೆಗೆ ಹೋಗಿ ಸಾಹಿತ್ಯ ಹುಡುಕಿ ಪ್ರಿಂಟ್ ತೆಗೆಸಿಕೊಂಡು ಬಂದೆ. ರಾತ್ರಿ ಪುಟ ಮುಂದೆ ಇಟ್ಟುಕೊಂಡು ಸಾಲು ಸಾಲಾಗಿ ಕೇಳಿದೆ. ಆಗ ತೆರೆದುಕೊಂಡಿತು.

ಮೊದಲು ಜಾಗದ ಬಗ್ಗೆ ಹೇಳಬೇಕು. ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ, ನದಿಯ ದಂಡೆಗೆ, ದೊಡ್ಡ ಸೇತುವೆಯ ಪಕ್ಕದಲ್ಲಿ ಕ್ವೀನ್ಸ್‌ಬ್ರಿಡ್ಜ್ ಅಂತ ಒಂದು ಸರ್ಕಾರಿ ವಸತಿ ಸಮುಚ್ಚಯ ಇದೆ. 1939ರ ಹೊತ್ತಿಗೆ ಕಟ್ಟಿದ್ದು. 96 ಕಟ್ಟಡಗಳು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು. ಅಮೆರಿಕದಲ್ಲೇ ಅತಿ ದೊಡ್ಡದು. ಎಲ್ಲವೂ ಒಂದೇ ಥರದ ಆರು ಮಹಡಿಯ ಇಟ್ಟಿಗೆ ಕಟ್ಟಡಗಳು. ನದಿಯ ಆ ಕಡೆ ಮ್ಯಾನ್‌ಹಟನ್‌ನ ದೀಪಗಳು. ಈ ಕಡೆ, ಎಂಬತ್ತರ ದಶಕದಲ್ಲಿ, ಕ್ರ್ಯಾಕ್ ಕೊಕೇನ್ ಬಂದು ಮನೆಮನೆಯನ್ನೂ ಹಾಳು ಮಾಡಿತು. ನಾಸ್, ಅಂದರೆ ನಾಸಿರ್ ಜೋನ್ಸ್, ಬೆಳೆದಿದ್ದು ಅಲ್ಲಿ. ಹುಟ್ಟಿದ್ದು 1973ರಲ್ಲಿ. ಎಂಟನೇ ತರಗತಿಗೇ ಶಾಲೆ ಬಿಟ್ಟ. ತಾಯಿ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ತಂದೆ ಓಲು ದಾರಾ ಜಾಝ್ ಸಂಗೀತಗಾರರು, ಟ್ರಂಪೆಟ್ ಥರದ ಕಾರ್ನೆಟ್ ಅನ್ನುವ ವಾದ್ಯ ನುಡಿಸುವವರು. ಶಾಲೆ ಬಿಟ್ಟ ಹುಡುಗ, ಆದರೆ ಮನೆಯಲ್ಲಿ ಪುಸ್ತಕ ಇದ್ದವು, ಸಂಗೀತ ಇತ್ತು. ಪುಸ್ತಕ, ಸಂಗೀತ ಎರಡೂ 'ಇಲ್ಮ್ಯಾಟಿಕ್'ನಲ್ಲಿ ಕೇಳಿಸುತ್ತವೆ.

1991ರಲ್ಲಿ ಮೇನ್ ಸೋರ್ಸ್ ಅನ್ನುವ ತಂಡದ ಒಂದು ಹಾಡಿನಲ್ಲಿ ಅವನಿಗೆ ಒಂದೇ ಒಂದು ವರ್ಸ್, ಅಂದರೆ ಒಂದು ಚರಣ, ಸಿಕ್ಕಿತು. ಆಗ ಅವನಿಗೆ 17. ಆ ಒಂದು ವರ್ಸ್‌ಗೇ ಊರೆಲ್ಲ ತಿರುಗಿ ನೋಡಿತು. ಯಾರೀ ಹುಡುಗ ಅಂತ. ಆದರೂ ರೆಕಾರ್ಡ್ ಕಂಪನಿಗಳು ಸಾಲುಗಟ್ಟಿ ನಿಲ್ಲಲಿಲ್ಲ. ಎಂಸಿ ಸರ್ಚ್ ಅನ್ನುವ ರ‍್ಯಾಪರ್ ಅವನ ಡೆಮೊ, ಅಂದರೆ ಮಾದರಿ ಹಾಡುಗಳನ್ನು, ಹಿಡಿದುಕೊಂಡು ಓಡಾಡಿದರು. ಸರ್ಚ್ ಆಮೇಲೆ ಹೇಳಿಕೊಂಡ ಪ್ರಕಾರ ಡೆಫ್ ಜಾಮ್ ಕಂಪನಿ ಬೇಡ ಅಂದಿತು. ಇಂಥ ರ‍್ಯಾಪ್ ಮಾರಾಟ ಆಗಲ್ಲ ಅನ್ನುವುದೇ ಕಾರಣ. ಕೊನೆಗೆ ಕೊಲಂಬಿಯಾ ಕಂಪನಿ ಒಪ್ಪಿಕೊಂಡಿತು. ನೋಡಿ, ಅವನದೇ ಅನ್ನುವ ಒಂದು ಹಾಡೂ ಹೊರಗೆ ಬರುವ ಮೊದಲೇ ಅಳತೆ ಶುರುವಾಗಿತ್ತು.

1992ರ ಮೇ ತಿಂಗಳಲ್ಲಿ ಅವನ ಜೀವದ ಗೆಳೆಯ ವಿಲ್ಲಿ ಗ್ರಹಾಂ ಗುಂಡೇಟಿಗೆ ಸತ್ತ. ಇಲ್ ವಿಲ್ ಅಂತ ಕರೆಯುತ್ತಿದ್ದರು ಅವನನ್ನು. ಚಿಕ್ಕಂದಿನಿಂದ ಜೊತೆಗೆ ಬೆಳೆದವರು, ಜೊತೆಗೆ ಹಾಡು ಕಟ್ಟಿದವರು. ಅದೇ ಗಲಾಟೆಯಲ್ಲಿ ನಾಸ್‌ನ ತಮ್ಮನಿಗೂ ಗುಂಡು ಬಿತ್ತು, ಅವನು ಉಳಿದುಕೊಂಡ. ಈ ವಿಷಯ ಗೊತ್ತಾದ ಮೇಲೆ ಆಲ್ಬಂ ಕೇಳುವ ರೀತಿಯೇ ಬದಲಾಗುತ್ತದೆ. ಇಪ್ಪತ್ತು ವರ್ಷದ ಹುಡುಗ ಯಾಕೆ ಮುದುಕನ ಥರ ಹಿಂದಿನದನ್ನು ನೆನೆಸಿಕೊಳ್ಳುತ್ತಾನೆ, ಯಾಕೆ ಸತ್ತವರ ಹೆಸರು ಮತ್ತೆ ಮತ್ತೆ ಹೇಳುತ್ತಾನೆ, ಎಲ್ಲ ಅರ್ಥವಾಗುತ್ತದೆ.

'ಇಲ್ಮ್ಯಾಟಿಕ್' ಬಂದಿದ್ದು 1994ರ ಏಪ್ರಿಲ್ 19ಕ್ಕೆ. ಹತ್ತೇ ಹಾಡು. ಅದರಲ್ಲೂ ಮೊದಲನೆಯದು ಬರೀ ಪೀಠಿಕೆ. ಓಡುವ ರೈಲಿನ ಸದ್ದು, ಗೆಳೆಯರ ಹರಟೆ. ಒಟ್ಟು ನಲವತ್ತು ನಿಮಿಷವೂ ಇಲ್ಲ. ಇದರಲ್ಲಿ ದಾಟಿಸಿ ಮುಂದೆ ಹೋಗುವಂಥ ಹಾಡು ನನಗೆ ಇಪ್ಪತ್ತು ವರ್ಷದಲ್ಲಿ ಒಂದೂ ಸಿಕ್ಕಿಲ್ಲ.

ಬೀಟ್, ಅಂದರೆ ಮಾತಿನ ಹಿಂದಿನ ಸಂಗೀತ, ಕೊಟ್ಟವರು ಯಾರ‍್ಯಾರು ನೋಡಿ. ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಜೊತೆಗೆ ಅವನ ಏರಿಯಾದವನೇ ಆದ ಎಲ್.ಇ.ಎಸ್. ಆ ಕಾಲದಲ್ಲಿ ಒಂದು ಆಲ್ಬಂ ಅಂದರೆ ಸಾಮಾನ್ಯವಾಗಿ ಬೀಟ್ ಕಟ್ಟುವ ಒಬ್ಬ ಪ್ರೊಡ್ಯೂಸರ್, ಇಲ್ಲಾ ಒಂದು ತಂಡ. ಇಲ್ಲಿ ಊರಿನ ದೊಡ್ಡ ಕೈಗಳೆಲ್ಲ ಒಬ್ಬ ಹೊಸ ಹುಡುಗನಿಗಾಗಿ ಬಂದರು. ಇನ್ನೊಂದು ಹಾಡಿಗೆ ಪೀಟ್ ರಾಕ್ ಜಾಝ್ ವಾದಕ ಅಹ್ಮದ್ ಜಮಾಲ್ ಅವರ ಹಳೆಯ ಪಿಯಾನೊ ತುಣುಕೊಂದನ್ನು ಹಿಡಿದು ಮತ್ತೆ ಮತ್ತೆ ಬರುವ ಹಾಗೆ ಲೂಪ್ ಮಾಡಿದರು, ಪಲ್ಲವಿಯನ್ನೂ ತಾವೇ ಹಾಡಿದರು. ಮೂರನೇ ಹಾಡಿನ ಕೊನೆಗೆ ಸ್ವತಃ ಓಲು ದಾರಾ ಬಂದು ಕಾರ್ನೆಟ್ ನುಡಿಸುತ್ತಾರೆ. ಮಗ ಮತ್ತು ಅವನ ಗೆಳೆಯ ಏಝಡ್, ಇವತ್ತಿದ್ದು ನಾಳೆ ಇಲ್ಲದ ಬದುಕಿನ ಬಗ್ಗೆ ಹಾಡಿ ಮುಗಿಸುತ್ತಾರೆ. ಆಮೇಲೆ ಅಪ್ಪನ ವಾದ್ಯ ಒಂದೂ ಮಾತಿಲ್ಲದೆ ಕೊನೆಯವರೆಗೂ ಹೋಗುತ್ತದೆ. ಆ ಜಾಗಕ್ಕೆ ಬಂದಾಗ ನಾನು ಈಗಲೂ ಕೈಯಲ್ಲಿರುವ ಕೆಲಸ ನಿಲ್ಲಿಸುತ್ತೇನೆ.

ಈಗ ಅವನ ಪ್ರಾಸದ ಬಗ್ಗೆ. ನಮ್ಮಲ್ಲಿ ರ‍್ಯಾಪ್ ಅಂದರೆ ಸಾಲಿನ ಕೊನೆಗೆ ಪ್ರಾಸ ಕೂರಿಸುವುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಾವು ಶಾಲೆಯಲ್ಲಿ ಹಳಗನ್ನಡ ಪದ್ಯ ಓದುವಾಗ ಮೇಷ್ಟ್ರು ಆದಿಪ್ರಾಸ ತೋರಿಸುತ್ತಿದ್ದರು, ನೆನಪಿದೆಯಾ? ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರುತ್ತದೆ. ಪ್ರಾಸ ಕೊನೆಯಲ್ಲೇ ಇರಬೇಕಿಲ್ಲ ಅನ್ನುವುದು ಕನ್ನಡದವರಿಗೆ ಸಾವಿರ ವರ್ಷದಿಂದ ಗೊತ್ತು. ನಾಸ್ ಅದನ್ನು ತನ್ನ ರೀತಿಯಲ್ಲಿ ಮಾಡುತ್ತಾನೆ. ಅವನಿಗಿಂತ ಮೊದಲು ರಾಕಿಂ ಅನ್ನುವ ರ‍್ಯಾಪರ್ ಆ ದಾರಿ ಹಾಕಿಕೊಟ್ಟಿದ್ದರು. ನಾಸ್‌ನ ಪ್ರಾಸ ಸಾಲಿನ ನಡುವೆ ಇರುತ್ತದೆ, ಮುಂದಿನ ಸಾಲಿನ ಶುರುವಿನಲ್ಲಿರುತ್ತದೆ, ಕೆಲವು ಸಲ ಮೂರು ನಾಲ್ಕು ಅಕ್ಷರ ಒಟ್ಟಿಗೇ ಪ್ರಾಸ ಆಗುತ್ತವೆ. ವಾಕ್ಯ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ, ಮುಂದಕ್ಕೆ ಹರಿಯುತ್ತದೆ. ಕೇಳುವಾಗ ಇದ್ಯಾವುದೂ ಕಸರತ್ತು ಅನ್ನಿಸುವುದಿಲ್ಲ. ಕಟ್ಟೆಯ ಮೇಲೆ ಕೂತು ಪಕ್ಕದವನಿಗೆ ಕಥೆ ಹೇಳಿದ ಹಾಗೆ ಇರುತ್ತದೆ.

ಪ್ರೀಮಿಯರ್ ಕೊಟ್ಟ ಆ ಎರಡನೇ ಹಾಡು ಶುರುವಾಗುವ ಮುಂಚೆ ನಾಸ್ ಒಂದು ಮಾತು ಗೊಣಗುತ್ತಾನೆ. ಇದನ್ನು ಹೇಗೆ ಶುರು ಮಾಡುವುದೋ ಗೊತ್ತಿಲ್ಲ ಅಂತ. ಅದು ರೆಕಾರ್ಡಿಂಗ್‌ನಲ್ಲಿ ಹಾಗೇ ಉಳಿದಿದೆ. ಮರುಕ್ಷಣವೇ ಶುರು ಮಾಡುತ್ತಾನೆ, ಆಮೇಲೆ ಉಸಿರಾಡಲು ಬಿಡುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಹತ್ತಿರದ್ದು ಏಳನೆಯದು, 'ಒನ್ ಲವ್'. ಅದು ಹಾಡಲ್ಲ, ಕಾಗದ. ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದ. ನಿನಗೆ ಮಗು ಹುಟ್ಟಿದೆ, ನೋಡೋಕೆ ನಿನ್ನ ಹಾಗೇ ಇದೆ. ನಿನ್ನ ಹುಡುಗಿ ಯಾಕೆ ಬರೆಯುತ್ತಿಲ್ಲ? ಇಂಥವನು ಹೀಗಾದ, ಅಂಥವನಿಗೆ ಗುಂಡು ಬಿತ್ತು. ನಮ್ಮ ಮನೆಗಳಲ್ಲಿ ದೂರದ ಊರಿಗೆ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರಲ್ಲ, ಅಂಚಿನಲ್ಲೂ ಜಾಗ ಬಿಡದೆ ಊರಿನ ಸುದ್ದಿ ತುಂಬಿಸಿ, ಅದೇ ಧಾಟಿ. ಬೀಟ್ ಕ್ಯೂ-ಟಿಪ್ ಅವರದು, ಹೀತ್ ಬ್ರದರ್ಸ್‌ನ ಜಾಝ್ ತುಣುಕಿನಿಂದ ತೆಗೆದದ್ದು. ಕೊನೆಯ ಭಾಗದಲ್ಲಿ ಕಾಗದ ಬಿಟ್ಟು ಬೀದಿಗೆ ಬರುತ್ತಾನೆ. ಬೆಂಚಿನ ಮೇಲೆ ಹನ್ನೆರಡು ವರ್ಷದ ಹುಡುಗ ಸಿಗುತ್ತಾನೆ. ಆಗಲೇ ದಂಧೆಗೆ ಇಳಿದಿದ್ದಾನೆ. ನಾಸ್ ಅವನಿಗೆ ಬುದ್ಧಿ ಹೇಳುತ್ತಾನೆ, ಆದರೆ ಸಂತನ ಹಾಗಲ್ಲ. ಬೀದಿಯಲ್ಲಿ ಬದುಕಿ ಉಳಿಯುವುದು ಹೇಗೆ ಅಂತ ಹೇಳುತ್ತಾನೆ, ಅಷ್ಟೇ. ತನ್ನ ಕೈಲಿ ಅದಕ್ಕಿಂತ ಹೆಚ್ಚು ಆಗುವುದಿಲ್ಲ ಅಂತ ಅವನಿಗೆ ಗೊತ್ತು. ರ‍್ಯಾಪ್ ಅಂದರೆ ಬೈಗುಳ, ಒಣ ಜಂಬ ಅನ್ನುವವರಿಗೆ ನಾನು ಯಾವತ್ತೂ ಈ ಹಾಡನ್ನೇ ಕೊಡುತ್ತೇನೆ.

ಸರಿ, ಇಂಥ ಆಲ್ಬಂ ಬಂದಾಗ ಜಗತ್ತು ಏನು ಮಾಡಿತು?

'ದಿ ಸೋರ್ಸ್' ಅನ್ನುವ ಹಿಪ್ ಹಾಪ್, ಅಂದರೆ ರ‍್ಯಾಪ್ ಸಂಗೀತದ ಪತ್ರಿಕೆ ಐದಕ್ಕೆ ಐದು ಮೈಕ್ ಕೊಟ್ಟಿತು. ಅಲ್ಲಿ ಅಂಕಕ್ಕೆ ಮೈಕ್ ಅನ್ನುತ್ತಾರೆ. ಆ ಕಾಲಕ್ಕೆ ಹಿಪ್ ಹಾಪ್‌ನಲ್ಲಿ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ. ವಿಮರ್ಶೆ ಬರೆದದ್ದು ಮಿನ್ಯಾ ಓ ಅನ್ನುವ ಯುವತಿ, ಶಾರ್ಟಿ ಅನ್ನುವ ಹೆಸರಿನಲ್ಲಿ. ಹೊಸಬನ ಮೊದಲ ಆಲ್ಬಂಗೆ ಪೂರ್ತಿ ಅಂಕ ಕೊಟ್ಟಿದ್ದಕ್ಕೆ ದೊಡ್ಡ ಚರ್ಚೆಯೇ ಆಯಿತು. ಇನ್ನೊಂದು ಕಡೆ ಮಾರಾಟ. ಬಿಲ್‌ಬೋರ್ಡ್ ಅನ್ನುವ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಅದು ಏರಿದ್ದು 12ನೇ ಸ್ಥಾನದವರೆಗೆ ಮಾತ್ರ. ಬಿಡುಗಡೆಗೆ ಮೊದಲೇ ಕಳ್ಳ ಕ್ಯಾಸೆಟ್‌ಗಳು ಬೀದಿ ತುಂಬಾ ಓಡಾಡಿದ್ದವು. ಆಗ ಎಲ್ಲರ ಕಿವಿಯಲ್ಲೂ ಇದ್ದದ್ದು ಕ್ಯಾಲಿಫೋರ್ನಿಯಾ ಕಡೆಯ ರ‍್ಯಾಪರ್‌ಗಳು, ಡಾ. ಡ್ರೇ, ಸ್ನೂಪ್. ಐದು ಲಕ್ಷ ಪ್ರತಿಗಳ ಗೋಲ್ಡ್ ಆಗಲು 1996ರ ಜನವರಿವರೆಗೆ ಕಾಯಬೇಕಾಯಿತು. ಹತ್ತು ಲಕ್ಷ ತಲುಪಿ ಪ್ಲಾಟಿನಂ ಆಗಿದ್ದು 2001ರ ಕೊನೆಗೆ. ಏಳು ವರ್ಷದ ಮೇಲೆ.

ಅವತ್ತು ನನ್ನ ಗೆಳೆಯ ಅಲ್ಲಿದ್ದಿದ್ದರೆ "ಅಷ್ಟೇನೂ ಓಡಿಲ್ಲ ಬಿಡು" ಅನ್ನುತ್ತಿದ್ದ. ಅಷ್ಟೇ ಅಲ್ವಾ?

ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಮಾರಾಟವಾಗಿದ್ದು ಕೊನೆಗೆ ಗೆದ್ದಿತು ಅಂತ. ನನಗೆ ಅದಕ್ಕಿಂತ ನೋವು ಕೊಡುವುದು ಇನ್ನೊಂದು ಭಾಗ. ಆ ಐದು ಮೈಕ್ ನಾಸ್‌ನ ಬೆನ್ನು ಬಿಡಲಿಲ್ಲ. 1996ರಲ್ಲಿ ಎರಡನೇ ಆಲ್ಬಂ ಬಂತು. ನೇರವಾಗಿ ಮೊದಲನೇ ಸ್ಥಾನಕ್ಕೆ ಹೋಯಿತು, ಮೊದಲನೆಯದಕ್ಕಿಂತ ಎಷ್ಟೋ ಜಾಸ್ತಿ ಮಾರಾಟವಾಯಿತು. ಆಗ ಜನ ಏನಂದರು? ತನ್ನನ್ನೇ ಮಾರಿಕೊಂಡ, ಇದು ಇಲ್ಮ್ಯಾಟಿಕ್ ಅಲ್ಲ. ಮೊದಲನೆಯದಕ್ಕೆ ಸಂಖ್ಯೆ ಸಾಲಲಿಲ್ಲ, ಎರಡನೆಯದಕ್ಕೆ ಸಂಖ್ಯೆಯೇ ತಪ್ಪಾಯಿತು. 2001ರಲ್ಲಿ ಇನ್ನೊಬ್ಬ ರ‍್ಯಾಪರ್ ಜೇ-ಝಿ ಜೊತೆ ಜಗಳ ಆದಾಗ ಜೇ-ಝಿ ಎಸೆದ ಕಲ್ಲು ಕೂಡ ಇದೇ. ಹತ್ತು ವರ್ಷದಲ್ಲಿ ನೀನು ಮಾಡಿದ್ದು ಒಂದೇ ಒಳ್ಳೆಯ ಆಲ್ಬಂ ಅಂತ. ಎದುರಾಳಿ ಹೊಡೆಯಲು ಹುಡುಕಿಕೊಂಡ ಕೋಲು ಅವನದೇ ಮೊದಲ ಕೃತಿ!

ಇದು ನ್ಯಾಯ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಮೊದಲ ಆಲ್ಬಂ ಬರೆಯಲು ಅವನಿಗೆ ಇಪ್ಪತ್ತು ವರ್ಷ ಇತ್ತು. ಆ ಆರು ಮಹಡಿಯ ಕಟ್ಟಡ, ಆ ಮೆಟ್ಟಿಲು, ಅಪ್ಪನ ವಾದ್ಯ, ಸತ್ತ ಗೆಳೆಯ, ಎಲ್ಲ ಒಳಗೇ ಸೇರಿಕೊಂಡಿತ್ತು. ಎರಡನೆಯದಕ್ಕೆ ಸಿಕ್ಕಿದ್ದು ಎರಡು ವರ್ಷ. ಆ ಎರಡು ವರ್ಷದಲ್ಲಿ ಅವನು ಇದ್ದದ್ದೂ ಬೇರೆ ಬದುಕಿನಲ್ಲಿ. ಮೊದಲನೆಯದರ ಹಾಗೆ ಮತ್ತೆ ಬರಿ ಅನ್ನುವುದು, ಮತ್ತೆ ಹೋಗಿ ಹಾಗೇ ಬೆಳೆದು ಬಾ ಅಂದ ಹಾಗೆ. ಒಪ್ಪುತ್ತೇನೆ, ನಡುವಿನ ಕೆಲವು ಆಲ್ಬಂಗಳಲ್ಲಿ ಬೀಟ್ ಆಯ್ಕೆ ಚೆನ್ನಾಗಿಲ್ಲ. ಆದರೆ ಅವುಗಳಲ್ಲೂ ಚಿನ್ನದಂಥ ಹಾಡುಗಳಿವೆ. ಮೊದಲನೆಯದಕ್ಕೆ ಹೋಲಿಸುತ್ತಾ ಕೂತವರು ಅವುಗಳನ್ನು ಕೇಳಲೇ ಇಲ್ಲ.

ಆಮೇಲೆ ಗೌರವಗಳೆಲ್ಲ ಬಂದವು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಅವನ ಹೆಸರಿನಲ್ಲಿ ಹಿಪ್ ಹಾಪ್ ಫೆಲೋಶಿಪ್ ಶುರು ಮಾಡಿತು, ಎಂಟನೇ ತರಗತಿಗೆ ಶಾಲೆ ಬಿಟ್ಟವನ ಹೆಸರಿನಲ್ಲಿ. 2021ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 'ಇಲ್ಮ್ಯಾಟಿಕ್' ಅನ್ನು ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಅವನಿಗೆ ಮೊದಲ ಗ್ರ್ಯಾಮಿ ಸಿಕ್ಕಿತು, ಬೇರೊಂದು ಆಲ್ಬಂಗೆ. ಜೇ-ಝಿ ಜೊತೆಗಿನ ಜಗಳ 2005ರಲ್ಲೇ ಮುಗಿದಿತ್ತು. ಮರುವರ್ಷ ನಾಸ್ ಸೇರಿಕೊಂಡಿದ್ದು ಡೆಫ್ ಜಾಮ್‌ಗೆ. ಹಿಂದೆ ಬೇಡ ಅಂದ ಅದೇ ಕಂಪನಿ, ಆಗ ಅದರ ಮುಖ್ಯಸ್ಥ ಜೇ-ಝಿ.

ಇಷ್ಟೆಲ್ಲ ಬರೆದ ಮೇಲೆ ನಿನ್ನೆ ರಾತ್ರಿ ಆ ನಮ್ಮ ಹುಡುಗನ ಆಲ್ಬಂ ಪೂರ್ತಿ ಕೇಳಿದೆ. ಎರಡು ಹಾಡು ಸುಮ್ನೆ ತುಂಬಿಸಿದ ಹಾಗಿವೆ. ಒಂದರಲ್ಲಿ ಬೇರೆಯವರ ಫ್ಲೋ, ಅಂದರೆ ಹಾಡುವ ಧಾಟಿ, ಎತ್ತಿಕೊಂಡಿದ್ದಾನೆ. ಆದರೆ ಒಂದು ಹಾಡಿನಲ್ಲಿ ತಮ್ಮ ಬೀದಿಯ ಬೋರ್‌ವೆಲ್ ಹತ್ತಿರ ಬಿಂದಿಗೆ ಸಾಲು, ಅಲ್ಲಿ ಅವನ ಅಮ್ಮ ನಿಂತಿರುವುದು ಬರುತ್ತದೆ. ಅಲ್ಲಿ ಅವನ ದನಿ ಬದಲಾಗುತ್ತದೆ. ಅದನ್ನು ಮೂರು ಸಲ ಕೇಳಿದೆ. ಅವನಿಗೆ ಮೆಸೇಜ್ ಮಾಡಿ ಹೇಳಿದೆ ಕೂಡ.

'ಇಲ್ಮ್ಯಾಟಿಕ್' ಕೇಳದವರು ಏಳನೇ ಹಾಡಿನಿಂದ ಶುರು ಮಾಡಿ. ಸಾಹಿತ್ಯ ಪಕ್ಕದಲ್ಲಿ ಇಟ್ಟುಕೊಳ್ಳಿ. ಬೈಗುಳ ಇವೆ, ಮನೆಯಲ್ಲಿ ಸ್ಪೀಕರ್‌ಗೆ ಹಾಕಬೇಡಿ, ಹೆಡ್‌ಫೋನ್ ಇರಲಿ. ಅದು ಹಿಡಿಸಿದರೆ ಮೊದಲಿನಿಂದ, ಆ ರೈಲಿನ ಸದ್ದಿನಿಂದ, ಒಂದೇ ಪಟ್ಟಿಗೆ ಹತ್ತೂ ಕೇಳಿ.