ಓವರ್‌ಡ್ರೈವ್‌ಗೆ ನೇರ ವೈರ್: ಒಂದು ಸ್ಪಷ್ಟನೆ

ಹಳೆಯ ಬ್ರಿಟಿಷ್ ಕಾರಿನ ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ಹಿಡಿಯದಿದ್ದರೆ ಬ್ಯಾಟರಿಯಿಂದ ಅದರ ಸೊಲೆನಾಯ್ಡ್‌ಗೆ (ಕರೆಂಟ್ ಹರಿದಾಗ ಅದನ್ನು ಹಿಡಿಸುವ ವಿದ್ಯುತ್ ಕಾಂತ) ನೇರವಾಗಿ ವೈರ್ ಎಳೆದರೆ ಸಾಕು ಎಂಬ ಮಾತು ದಾವಣಗೆರೆಯ ಹಳೇ ಕಾರು ಪ್ರಿಯರ ನಡುವೆ ಹರಿದಾಡುತ್ತಿದ್ದು, ಅದು ಸರಿಯಲ್ಲ. ಗೇರ್‌ಬಾಕ್ಸ್ ಮೇಲಿನ ಸ್ವಿಚ್ ಇರುವುದೇ ಮೇಲಿನ ಗೇರುಗಳಲ್ಲಿ ಮಾತ್ರ ಕರೆಂಟ್ ಹರಿಯಲೆಂದು. ಅದನ್ನು ತಪ್ಪಿಸಿದ ಮೇಲೆ, ಓವರ್‌ಡ್ರೈವ್ ಹಿಡಿದಿರುವಾಗಲೇ ಮರೆತು ರಿವರ್ಸ್ ಹಾಕಿದರೆ ಒಳಗಿನ ಏಕಮುಖ ಕ್ಲಚ್ ಮುರಿಯಬಹುದು.

ಇಂಥ ಕಾರುಗಳಲ್ಲಿ ಬರುವ ಲೇಕಾಕ್ ಎ-ಟೈಪ್ ಎಂಬ ಓವರ್‌ಡ್ರೈವ್ ಮಾದರಿಯ ಸೊಲೆನಾಯ್ಡ್‌ನಲ್ಲಿ ಎರಡು ಸುರುಳಿಗಳಿದ್ದು, ಎಳೆಯುವ ಸುರುಳಿ ಸುಮಾರು 15ರಿಂದ 20 ಆಂಪಿಯರ್ ಕುಡಿದರೆ, ಹಿಡಿದಿಡುವ ಸುರುಳಿಗೆ ಸುಮಾರು 1 ಆಂಪಿಯರ್ ಸಾಕು. ಲಿವರ್ ಹೊಂದಾಣಿಕೆ ತಪ್ಪಿ ಪ್ಲಂಜರ್ (ಸೊಲೆನಾಯ್ಡ್ ಎಳೆಯುವ ಸರಳು) ಪೂರ್ತಿ ಸರಿಯದಿದ್ದರೆ, ಎಳೆಯುವ ಸುರುಳಿಯ ಕರೆಂಟ್ ಕಡಿಯಬೇಕಾದ ಒಳಗಿನ ಕಾಂಟ್ಯಾಕ್ಟ್ ಬಿಡುವುದಿಲ್ಲ, ಸುಟ್ಟ ವಾಸನೆ ಬರುವವರೆಗೂ ಮೊದಲಿನ ಸುರುಳಿ ಬಿಸಿಯಾಗುತ್ತಲೇ ಇರುತ್ತದೆ. ಆಗ ದಪ್ಪ ಫ್ಯೂಸ್ ಹಾಕುವುದು (ನಮ್ಮಲ್ಲಿ ಇದೂ ನಡೆಯುತ್ತದೆ) ಮದ್ದಲ್ಲ. ಕರೆಂಟ್ ಸೊಲೆನಾಯ್ಡ್‌ವರೆಗೆ ಬಂದೂ ಟಕ್ಕೆಂಬ ಸದ್ದು ಕೇಳದಿದ್ದರೆ ಮೊದಲು ಅರ್ತ್ ಜಾಗವನ್ನು ಉಜ್ಜಿ ನೋಡಬೇಕು.